ಬಿಲ್ಲೆ ಕಿಟಕಿಯ ಆರುಮುಗಂ

ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಸಮುದ್ರವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬರುವ ಜನ ‘ರಂಪಣಿ’ ಹೋಟೆಲಿನ ಮುಂದೆ ಇಳಿದು, ಗೋಡೆಗೆ ಒರಗಿಸಿದ ಮುರುಕು ದೋಣಿಯನ್ನೂ ಸೂರಿನಿಂದ ಇಳಿಬಿಟ್ಟ ಬಲೆಯನ್ನೂ ನೋಡಿ, ಹಿತ್ತಲಲ್ಲಿ ಅಲೆ ಬಡಿಯುತ್ತಿರಬಹುದೇನೋ ಎನ್ನುವಂತೆ ಅತ್ತಿತ್ತ ಕತ್ತು ಹೊರಳಿಸುತ್ತಾರೆ. ಹಿತ್ತಲಲ್ಲಿರುವುದು ಜಾಲಿ ಪೊದೆ, ಅದರಾಚೆ ಮುಚ್ಚಿಹೋದ ಗಣಿಯ ಪಾತಾಳಬಾವಿಯಂಥ ಶಾಫ್ಟು, ಇನ್ನೂ ಆಚೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ. ಗಾಳಿ ಎದ್ದ ದಿನ ಆ ಕಡೆಯ ಕಿಟಕಿಗಳನ್ನು ತೆರೆಯುವ ಹಾಗಿಲ್ಲ.

ಹೋಟೆಲು ಸುಮಿತಾ ಅವರದು. ಮಲ್ಪೆ ಕಡೆಯವರು. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಕ್ವಾರ್ಟರ್ಸಿಗೆ ಬಂದವರು, ಮೀನಿಲ್ಲದ ಊಟ ಗಂಟಲಲ್ಲಿ ಇಳಿಯದೆ ಕೆಲವು ವರ್ಷ ಒದ್ದಾಡಿದರು. ಅವರ ಅಜ್ಜ ಕಡಲ ದಂಡೆಯಲ್ಲಿ ರಂಪಣಿ ಎಳೆಸುತ್ತಿದ್ದವರಂತೆ. ಊರಿನ ಗಂಡಸರೆಲ್ಲ ಸಾಲಾಗಿ ನಿಂತು ದಡಕ್ಕೆ ಎಳೆಯುವ ದೊಡ್ಡ ಬಲೆ ಅದು. ಎಳೆದು ದಣಿದವರು ಉಣ್ಣುತ್ತಿದ್ದ ಚಪ್ಪರದ ನೆನಪು ಸುಮಿತಾ ಅವರ ತಲೆಯಿಂದ ಹೋಗಿರಲಿಲ್ಲ. ಗಣಿಯ ಹಳೆಯ ಟೈಮ್ ಆಫೀಸು ಹಾಳುಬಿದ್ದಿದ್ದು ಕಂಡಾಗ ಅವರಿಗೆ ಆ ಚಪ್ಪರವೇ ಕಂಡಿತು. ಇಂಗ್ಲಿಷರ ಕಾಲದ ಕಲ್ಲುಕಟ್ಟಡ, ಉದ್ದನೆಯ ಹಜಾರ, ಎತ್ತರದ ತಗಡಿನ ಮಾಡು. ಯಾರು ಯಾರ ಹತ್ತಿರ ಓಡಾಡಿ ಬಾಡಿಗೆಗೆ ಪಡೆದರೋ ಅವರಿಗೇ ಗೊತ್ತು. ಅಂತೂ ಬಲೆ ಬಂತು, ದೋಣಿ ಬಂತು, ಹತ್ತಿರದ ಕಾಮಸಮುದ್ರ ಎಂಬ ಊರಿನಲ್ಲಿ ಕೆರೆಮೀನಿನ ಸಾರು ಮಾಡಿಕೊಂಡಿದ್ದ ಕೋದಂಡಪ್ಪ ಅಡುಗೆಗೆ ಬಂದ.

ಆಮೇಲೆ ಆರುಮುಗಂ ಬಂದ. ಅಥವಾ ಆರುಮುಗಂ ಅಲ್ಲೇ ಇದ್ದ, ಹೋಟೆಲೇ ಬಂತು ಎಂದರೂ ಸರಿಯೆ. ಗಣಿ ನಡೆಯುತ್ತಿದ್ದಾಗ ಇದೇ ಕಟ್ಟಡದ ಮುಂಗಿಟಕಿಯಲ್ಲಿ ಬಿಲ್ಲೆ ಕೊಡುವ ಕೆಲಸ ಅವನದು. ಆಗಿನ್ನೂ ಮೀಸೆ ಕಪ್ಪಗಿದ್ದ ಹುಡುಗುವಯಸ್ಸು. ಒಳಕ್ಕೆ ಇಳಿಯುವವನು ಕಿಟಕಿಯಲ್ಲಿ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು, ಹಜಾರ ದಾಟಿ, ಹಿಂಬಾಗಿಲಿನಿಂದ ಆಳುಗಳನ್ನು ಕೆಳಕ್ಕೆ ಇಳಿಸುವ ಕೇಜಿನ ಕಡೆಗೆ ಹೋಗಬೇಕು. ಮೇಲೆ ಬಂದ ಮೇಲೆ ಅದೇ ಬಿಲ್ಲೆಯನ್ನು ಅದೇ ಕಿಟಕಿಯಲ್ಲಿ ಕೊಡಬೇಕು. ಆರುಮುಗಂ ಅದನ್ನು ಬೋರ್ಡಿನ ಮೊಳೆಗೆ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆ ಎಂದು ಅರ್ಥ.

ಇದರಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ಅವರವರ ಬಿಲ್ಲೆಯನ್ನು ಅವರವರೇ ಕೊಡಬೇಕು. ಒಬ್ಬನ ಬಿಲ್ಲೆ ಇನ್ನೊಬ್ಬನ ಕೈಯಿಂದ ಬರಕೂಡದು. ಕಟ್ಟಳೆ ಯಾಕೆ ಎಂದು ಆರುಮುಗಂಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವನಿದ್ದ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಗಳ, ಮೂಲೆಮನೆಯಲ್ಲಿ ಒಬ್ಬನಿದ್ದ. ಆರುಮುಗಂ ಕೆಲಸಕ್ಕೆ ಸೇರುವ ಮುಂಚಿನ ಮಾತು. ಆ ಮನುಷ್ಯ ಶಿಫ್ಟ್ ಮುಗಿದಾಗ ಏನೋ ಮರೆತೆ ಎಂದು ಒಳಗೇ ಹಿಂದಕ್ಕೆ ಹೋಗಿ, ಮುಂದೆ ನಡೀತಿರು, ಬಂದೆ ಎಂದು ತನ್ನ ಬಿಲ್ಲೆಯನ್ನು ಗೆಳೆಯನ ಕೈಗೆ ಕೊಟ್ಟ. ಗೆಳೆಯ ಮೇಲೆ ಬಂದು ಎರಡನ್ನೂ ಕೊಟ್ಟ. ಬೋರ್ಡು ತುಂಬಿತ್ತು, ಹುಡುಕಲು ಯಾರೂ ಇಳಿಯಲಿಲ್ಲ. ಹೆಂಡತಿ ಬೆಳಗ್ಗೆ ಬಂದು ಕೇಳಿದಾಗಲೂ ಬೋರ್ಡು ತೋರಿಸಿ, ಮೇಲಕ್ ಬಂದವ್ನೆ ಕಣಮ್ಮ, ಎಲ್ಲಿಗೋ ಓಗಿರ್ತಾನೆ ಎಂದು ಕಳಿಸಿದರಂತೆ. ಕೊನೆಗೆ ಸಿಕ್ಕಿದಾಗ ಅವನ ಜೀವ ಹೋಗಿ ಬಹಳ ಹೊತ್ತೇನೂ ಆಗಿರಲಿಲ್ಲ ಎಂದು ಜನ ಹೇಳುತ್ತಿದ್ದರು. ಆ ಕೊನೆಯ ಮಾತು ಆರುಮುಗಂನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಗಣಿ ಮುಚ್ಚಿತು. ಕೆಜಿಎಫ್‌ನ ಅರ್ಧ ಜನ ಮಾಡಿದ್ದನ್ನೇ ಅವನೂ ಮಾಡಿದ. ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಆಗಿ ನಿಂತು, ಸಂಜೆಯ ರೈಲಿನಲ್ಲಿ ವಾಪಸು. ಅಲ್ಲಿಯೂ ಅವನಿಗೆ ಹೊರಗೆ ಹೋದವರು ಬಂದರೋ ಇಲ್ಲವೋ ಎಂಬ ಚಿಂತೆಯೇ. ಬಾರದವರ ಮನೆಯ ಬೆಲ್ ಒತ್ತಿ ವಿಚಾರಿಸಲು ಹೋಗಿ ಬೈಸಿಕೊಂಡಿದ್ದ. “ನಮ್ ಮನ್ಯೋರ್ಗೆ ಬಂದೋರ್ ಮುಖ ನೆಪ್ಪಿರಲ್ಲ, ಬರ್ದೆ ಇರೋರ್ದು ಮಾತ್ರ ನೆಪ್ಪಿರ್ತದೆ” ಎಂದು ಹೆಂಡತಿ ಪುಷ್ಪ ಅಕ್ಕಪಕ್ಕದವರ ಹತ್ತಿರ ನಗುತ್ತಿದ್ದಳು.

ಟೈಮ್ ಆಫೀಸಿನಲ್ಲಿ ದೀಪ ಉರಿಯುತ್ತಿದೆ ಎಂದು ಕೇಳಿ ಒಂದು ದಿನ ನೋಡಲು ಹೋದ. ಬೋರ್ಡು ಹಾಗೇ ಇತ್ತು, ಮೊಳೆಗಳೂ ಇದ್ದವು. ಬಿಲ್ಲೆಗಳು ಯಾವ ಕಾಲದಲ್ಲೋ ಗುಜರಿಗೆ ಹೋಗಿದ್ದವು. ಸುಮಿತಾ ಚೆಂದಕ್ಕಿರಲಿ ಎಂದು ಹೊಸ ಹಿತ್ತಾಳೆ ಬಿಲ್ಲೆಗಳನ್ನು ಮಾಡಿಸಿ ಹಾಕಿದ್ದರು. ಅವುಗಳ ಮುಂದೆ ಆರುಮುಗಂ ಎಷ್ಟು ಹೊತ್ತು ನಿಂತಿದ್ದನೆಂದರೆ, ಅವರೇ ಬಂದು, “ಎಂತ ಬೇಕಿತ್ತು?” ಎಂದು ಕೇಳಬೇಕಾಯಿತು. ಮಾರನೆಯ ದಿನದಿಂದ ಅವನು ಕೆಲಸದಲ್ಲಿದ್ದ.

ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ಚೆನ್ನೈ ರೈಲಿನಲ್ಲಿ ಬರುವ ಐಸ್ ಪೆಟ್ಟಿಗೆಗಳನ್ನು ಇಳಿಸಿಕೊಳ್ಳಬೇಕು. ಪೆಟ್ಟಿಗೆ ಕಳಿಸುವವರು ವಂಜರಂ ಎನ್ನುತ್ತಾರೆ, ಸುಮಿತಾ ಅದನ್ನೇ ಅಂಜಲ್ ಎನ್ನುತ್ತಾರೆ, ಕೋದಂಡಪ್ಪ ಎರಡೂ ಬಿಟ್ಟು “ಆ ದೊಡ್ ಮೀನು” ಎನ್ನುತ್ತಾನೆ. ಮೂವರ ನಡುವೆ ಆರುಮುಗಂ ಎಷ್ಟೋ ದಿನ ಒಂದು ಮೀನಿನ ಬದಲು ಇನ್ನೊಂದನ್ನು ಕತ್ತರಿಸಲು ಕೊಟ್ಟು ಬೈಸಿಕೊಂಡದ್ದುಂಟು. ಅದನ್ನೆಲ್ಲ ಅವನು ಸಹಿಸುತ್ತಿದ್ದ. ಹನ್ನೆರಡರ ಹೊತ್ತಿಗೆ ಕಿಟಕಿಯಲ್ಲಿ ಕೂತುಬಿಟ್ಟರೆ ಮುಗಿಯಿತು, ರಾಜ.

ಸುಮಿತಾ ಅವರ ಲೆಕ್ಕದಲ್ಲಿ ಇದು ಆಟ. ಜಾಗಕ್ಕಾಗಿ ಕಾಯುವವರಿಗೆ ಒಂದೊಂದು ಬಿಲ್ಲೆ ಕೊಡುವುದು, ಹೋಗುವಾಗ ಇಸಿದುಕೊಳ್ಳುವುದು. “ಒಂದು ಟೇಬಲ್ಲಿಗೆ ಒಂದು ಸಾಕಲ್ವಾ ಆರುಮುಗಣ್ಣ?” ಎಂದರು.

“ಟೇಬಲ್ಲು ಇಳಿಯಲ್ಲ ಮೇಡಂ. ಮನ್ಸ ಇಳೀತಾನೆ” ಎಂದ ಆರುಮುಗಂ.

ಹಾಗಾಗಿ ಆಳಿಗೊಂದು ಬಿಲ್ಲೆ. ಮಕ್ಕಳಿಗೆ ಮಾತ್ರ ಇಲ್ಲ. ಮಕ್ಕಳನ್ನು ಯಾವ ಕಾಲಕ್ಕೂ ಗಣಿಗೆ ಇಳಿಸುತ್ತಿರಲಿಲ್ಲ, ಎಷ್ಟು ಅತ್ತರೂ ಅವನು ಕೊಡುವವನಲ್ಲ. ಹೋಗುವಾಗ ಒಬ್ಬರೇ ಎಲ್ಲರ ಬಿಲ್ಲೆ ತಂದರೆ ತೆಗೆದುಕೊಳ್ಳುವುದಿಲ್ಲ. ಕಾರು ಹತ್ತಿ ಕೂತ ಅಜ್ಜಿಯನ್ನೂ ಇಳಿಸಿ ಕರೆತರಬೇಕು. ಕೆಲವರು ಇದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಖುಷಿಪಟ್ಟರು. ಕೆಲವರು ಸಿಟ್ಟಾದರು. ಸುಮಿತಾ ಖುಷಿಪಟ್ಟವರನ್ನು ನೆನೆದು ಸುಮ್ಮನಿದ್ದರು.

ಸುಮ್ಮನಿರುವುದಕ್ಕೂ ಒಂದು ಮಿತಿ ಇರುತ್ತದಲ್ಲ. ಹಿಂದಿನ ತಿಂಗಳು ಹಸಿರು ಸೀರೆಯ ಹೆಂಗಸೊಬ್ಬಳು ಒಳಗೇ ಉಳಿದಿದ್ದಾಳೆ ಎಂದು ಆರುಮುಗಂ ಹಟ ಹಿಡಿದ. ಬಿಲ್ಲೆಯೇನೋ ಬಂದಿತ್ತು, ಆದರೆ ಅವಳು ಕೊಟ್ಟ ನೆನಪು ಅವನಿಗಿರಲಿಲ್ಲ. ಹೋಗಿ ಲೇಡೀಸ್ ಟಾಯ್ಲೆಟ್ಟಿನ ಬಾಗಿಲು ಬಡಿದ. ಒಳಗಿದ್ದ ಬೇರೆ ಯಾರೋ ಕಿರುಚಿಕೊಂಡರು. ಹಸಿರು ಸೀರೆಯವಳು ಆಗಲೇ ಕಾರಿನಲ್ಲಿ ಕೂತು ಎಲೆಯಡಿಕೆ ಜಗಿಯುತ್ತಿದ್ದಳು. ಅವಳೇ ತನ್ನ ಕೈಯಿಂದ ಬಿಲ್ಲೆ ಕೊಟ್ಟಿದ್ದಳು, ಅವನೇ ತೆಗೆದುಕೊಂಡು ನಮಸ್ಕಾರ ಹೇಳಿದ್ದ. ಹಾಗೆಂದು ಕೋದಂಡಪ್ಪ ಆಣೆ ಮಾಡಿ ಹೇಳಿದ.

“ಇನ್ನೊಂದು ಸಲ ಹೀಗಾದರೆ ಕಿಟಕಿಗೆ ಬೇರೆಯವರನ್ನು ಕೂರಿಸ್ತೇನೆ. ನೀವು ಮೀನಿನ ಪೆಟ್ಟಿಗೆ ಮಾತ್ರ ನೋಡಿಕೊಳ್ಳಿ. ಬೇಜಾರು ಮಾಡ್ಕೋಬೇಡಿ ಮಾರಾಯ್ರೆ” ಎಂದರು ಸುಮಿತಾ. ದನಿ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ಆರುಮುಗಂಗೆ ತನ್ನ ತಲೆಯ ಮೇಲೇ ಅನುಮಾನ. ಕೊಟ್ಟಿದ್ದು ಮರೆತೆನೋ, ಕೊಡದಿದ್ದನ್ನು ನೆನೆಯುತ್ತಿದ್ದೇನೆಯೋ? ಇವತ್ತು ಕಂಡ ಮುಖ ಇವತ್ತಿನದೋ ಹೋದ ವಾರದ್ದೋ? ಕೋದಂಡಪ್ಪನನ್ನು ಒಂದೆರಡು ಸಲ ಹಳೆಯ ಗೆಳೆಯನ ಹೆಸರು ಹಿಡಿದು ಕರೆದುಬಿಟ್ಟಿದ್ದ. ಆ ಗೆಳೆಯ ಸತ್ತು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಇದನ್ನೆಲ್ಲ ಹೇಳಲಿಲ್ಲ. ಕಿಟಕಿ ಕೈತಪ್ಪಿದರೆ ತಾನು ಯಾರು ಎಂಬುದೇ ಗೊತ್ತಾಗುವುದಿಲ್ಲ ಎಂಬ ಹೆದರಿಕೆ ಅವನಿಗೆ. ಎರಡನೆಯ ಸಲ ಕಳೆದುಕೊಳ್ಳಲು ಅವನಿಂದಾಗದು.

ಆ ಭಾನುವಾರ ಎರಡು ಕಾರಿನಲ್ಲಿ ಒಂದು ದೊಡ್ಡ ಸಂಸಾರ ಬಂತು. ಹೊಸಕೋಟೆ ಕಡೆಯವರು. ಅವರ ಜತೆ ಬಿಳಿ ಅಂಗಿಯ ಮುದುಕರೊಬ್ಬರು. ಎಲ್ಲರೂ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನಂಬರು ನೋಡಿ ನಕ್ಕರೆ, ಈ ಮುದುಕರು ನೋಡಲೇ ಇಲ್ಲ. ಹೆಬ್ಬೆರಳಿನಿಂದ ನಂಬರನ್ನು ಸವರಿ, ಎದೆಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿದರು. ಆರುಮುಗಂ ಬೆಚ್ಚಿದ. ಹಾಗೆ ಮಾಡುವವರು ಒಂದೇ ಜಾತಿಯ ಜನ, ಕತ್ತಲೆಯಲ್ಲಿ ಕೆಲಸ ಮಾಡಿದವರು. ಯಾವ ಶಾಫ್ಟಿನವರು ಅಣ್ಣ ಎಂದು ಕೇಳಬೇಕೆನ್ನುವಷ್ಟರಲ್ಲಿ ಹಿಂದಿನವರು ಕೈಚಾಚಿ ನಿಂತಿದ್ದರು. ಹೋಗುವಾಗ ಮಾತಾಡಿಸೋಣ ಎಂದುಕೊಂಡ.

ಮೂರೂವರೆ ಹೊತ್ತಿಗೆ ಐಸಿನ ಆಟೋ ಗೇಟಿನ ಮುಂದೆ ಕೆಟ್ಟು ನಿಂತಿತು. ತಳ್ಳಲು ಆರುಮುಗಂ ಹೋದ. ಕಿಟಕಿಯಲ್ಲಿ ಸುಮಿತಾ ನಿಂತರು. ಅವನು ಬೆವರು ಒರೆಸಿಕೊಳ್ಳುತ್ತ ವಾಪಸು ಬಂದಾಗ ಹಜಾರ ಖಾಲಿ, ಬೋರ್ಡು ಭರ್ತಿ. ಸಂಜೆ ಮತ್ತೆ ತೆರೆಯುವ ತನಕ ಮುಂದೆ ಹಿಂದೆ ಎರಡೂ ಬಾಗಿಲಿಗೆ ಬೀಗ ಹಾಕುವುದು ವಾಡಿಕೆ. ಸುಮಿತಾ ಬೀಗ ತಂದು ಅವನ ಕೈಗೆ ಕೊಟ್ಟರು.

ಅವನ ಕಣ್ಣು ಬೋರ್ಡಿನ ಮೇಲೇ ಇತ್ತು. “ಈ ಬಿಲ್ಲೆ ಯಾರ್ ಕೊಟ್ರು ಮೇಡಂ?” ಎಂದು ಮುದುಕರ ನಂಬರು ತೋರಿಸಿದ.

“ಅವರ ಮಗನೇ ಇರಬೇಕು. ಎಲ್ಲರದ್ದೂ ಒಟ್ಟಿಗೆ ಕೊಟ್ಟರು. ಗಡಿಬಿಡಿಯಲ್ಲಿದ್ದರು ಪಾಪ.”

“ಆ ತಾತ ಓಗಿದ್ದು ನೀವು ನೋಡಿದ್ರಾ?”

“ಎರಡೂ ಕಾರು ಹೋದವಲ್ಲ. ಬಿಟ್ಟು ಹೋಗ್ತಾರಾ ಅಪ್ಪನನ್ನು?”

ಆರುಮುಗಂ ಮತ್ತೆ ಮೊಳೆಗಳನ್ನು ಎಣಿಸಿದ. ಬೋರ್ಡು ತುಂಬಿದೆ. ಬೋರ್ಡಿನ ಲೆಕ್ಕದಲ್ಲಿ ಎಲ್ಲರೂ ಮೇಲೆ ಬಂದಿದ್ದಾರೆ. ಆದರೂ ಒಬ್ಬರು ಬಂದಿಲ್ಲ ಎಂದು ಮೈಯೆಲ್ಲ ಹೇಳುತ್ತಿದೆ. ಹಸಿರು ಸೀರೆಯ ದಿನವೂ ಮೈ ಹೀಗೇ ಹೇಳಿತ್ತು, ಸುಳ್ಳಾಗಿತ್ತು. ಆಟೋ ತಳ್ಳುವಾಗ ಎರಡು ಕಾರು ಪಕ್ಕದಲ್ಲೇ ಹೋದವು. ಅದರಲ್ಲಿ ಬಿಳಿ ಅಂಗಿ ಕಂಡೆನೇ? ಕಂಡ ಹಾಗೂ ಇತ್ತು. ಕಾಣದ ಹಾಗೂ ಇತ್ತು. ಬೀಗ ಹಾಕಿ ತೆಪ್ಪಗೆ ಮನೆಗೆ ಹೋದರೆ ಕಿಟಕಿ ಉಳಿಯುತ್ತದೆ. ಅಕಸ್ಮಾತ್ ಮುದುಕರು ಒಳಗಿದ್ದರೆ? ಇಲ್ಲದೆ ಇದ್ದರೆ?

“ಬೀಗ ಆಕಲ್ಲ ಮೇಡಂ” ಎಂದ. ಅವನ ದನಿ ಅವನಿಗೇ ಬೇರೆಯವರದ್ದಾಗಿ ಕೇಳಿಸಿತು.

ಸುಮಿತಾ ಕಣ್ಣು ಮುಚ್ಚಿ ತೆರೆದರು. “ಆರುಮುಗಣ್ಣ, ನಾನು ಹೋದ ತಿಂಗಳು ಹೇಳಿದ್ದು ನೆನಪುಂಟಲ್ಲ?”

“ನೆಪ್ಪೈತೆ.”

“ಹಾಗಾದರೆ ನೋಡಿ ಬನ್ನಿ. ಯಾರೂ ಇಲ್ಲದಿದ್ದರೆ ನಾಳೆಯಿಂದ ಕಿಟಕಿಗೆ ನೀವಲ್ಲ. ನನ್ನ ಮೇಲೆ ಕೋಪ ಬೇಡ.”

ಕೋದಂಡಪ್ಪ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ. “ಅಣ್ಣೋ, ಸುಮ್ಕೆ ಬೀಗ ಜಡ್ದು ಮನೆಗ್ ಓಗು. ಬಿಲ್ಲೆ ಬಂದೈತೆ, ಇನ್ನೇನ್ ಬೇಕು ನಿಂಗೆ?”

“ಬಿಲ್ಲೆ ಬಂದೈತೆ ಕೋದಂಡ. ಮನ್ಸ ಬಂದಿಲ್ಲ.”

ಮೂವರೂ ಹುಡುಕಿದರು. ಟಾಯ್ಲೆಟ್ಟು ಎರಡೂ ಖಾಲಿ. ಸ್ಟೋರ್ ರೂಮು ಖಾಲಿ. ದೋಣಿಯ ಹಿಂದೆ ನೋಡಿದರು, ಟೇಬಲ್ಲುಗಳ ಕೆಳಗೂ ಕೋದಂಡಪ್ಪ ಬೇಕೆಂದೇ ಬಗ್ಗಿ ನೋಡಿ, “ಇಲ್ಲೂ ಇಲ್ಲ ಕಣಣ್ಣ, ಮೀನಿನ ಮುಳ್ ಐತೆ” ಎಂದ. ಸುಮಿತಾ ನಗಲಿಲ್ಲ. ಅವರ ಮುಖದಲ್ಲಿ ಕನಿಕರ ಕಾಣಿಸಿದ್ದು ಆರುಮುಗಂಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಹೌದೇನೋ. ತಲೆ ಕೆಟ್ಟಿದೆಯೇನೋ. ಇಪ್ಪತ್ತು ವರ್ಷದ ಹಿಂದಿನ ಯಾರದೋ ಬಿಳಿ ಅಂಗಿಯನ್ನು ಇವತ್ತು ಕಂಡೆನೇನೋ.

ಅವನು ಹಿಂದಕ್ಕೆ ನಡೆದು ಕಿಟಕಿಯ ಹೊರಗೆ ನಿಂತ. ಬಿಲ್ಲೆ ತೆಗೆದುಕೊಳ್ಳುವವರು ನಿಲ್ಲುವ ಜಾಗದಲ್ಲಿ. ಅಲ್ಲಿ ನಿಂತು ಅಭ್ಯಾಸವಿರಲಿಲ್ಲ. ಬಿಲ್ಲೆ ಜೇಬಿಗೆ ಹಾಕಿ ಗುಂಡಿ ಹಾಕಿದೆ ಎಂದುಕೊಂಡ. ಆಮೇಲೆ? ಆಮೇಲೆ ಊಟದ ಟೇಬಲ್ಲಿಗೆ ಹೋಗುವುದು ಹೋಟೆಲಿಗೆ ಬಂದವರು. ಬಿಲ್ಲೆಯ ಜನ ಹೋಗುವುದು ಎಲ್ಲಿಗೆ? ಆರುಮುಗಂನ ಕಾಲು ತಾನಾಗಿ ನಡೆಯಿತು. ಹಜಾರದ ನಡುಮಧ್ಯೆ, ಬಲೆಯ ಪಕ್ಕ, ಹಿಂಬಾಗಿಲು, ಕೈತೊಳೆಯುವ ನಲ್ಲಿ. ನಲ್ಲಿಯ ಹಿಂದೆ ತಂತಿಬೇಲಿ. ಬೇಲಿಯ ಒಂದು ಕಡೆ ಕಂಬ ಬಿದ್ದು ದಾರಿಯಾಗಿತ್ತು. ಜಾಲಿಯ ಕೊಂಬೆಯೊಂದು ಹೊಸದಾಗಿ ಮುರಿದಿತ್ತು.

“ಮೇಡಂ!” ಎಂದು ಕೂಗಿಕೊಂಡು ಓಡಿದ.

ಆಚೆ, ಕೇಜಿಗೆ ಕಾಯುವವರಿಗೆಂದು ಕಟ್ಟಿದ್ದ ತಗಡಿನ ಶೆಡ್ಡು ಅರ್ಧ ಕುಸಿದು ನಿಂತಿದೆ. ಅದರೊಳಗಿನ ಕಲ್ಲುಬೆಂಚು ಮಾತ್ರ ಗಟ್ಟಿಯಾಗಿದೆ. ಬೆಂಚಿನ ಒಂದು ತುದಿಯಲ್ಲಿ, ಮಿಕ್ಕವರಿಗೆ ಜಾಗ ಬಿಟ್ಟುಕೊಂಡು, ಬಿಳಿ ಅಂಗಿಯ ಮುದುಕರು ಕೂತಿದ್ದರು. ಆರುಮುಗಂ ಬೆಂಚಿನ ಹತ್ತಿರಕ್ಕೆ ಹೋದ. ನಾನು ಸರಿ, ನನ್ನ ತಲೆ ಸರಿ ಎಂದು ಮೊದಲು ಅನ್ನಿಸಿದ್ದು. ಅದಕ್ಕೆ ಆಮೇಲೆ ಅವನಿಗೆ ನಾಚಿಕೆಯೂ ಆಯಿತು.

“ಯಾಕಣ್ಣ ಇಲ್ಲಿ ಕುಂತಿದ್ದೀರಾ?”

ಮುದುಕರು ತಲೆ ಎತ್ತಿದರು. ಎದೆಜೇಬಿನ ಗುಂಡಿ ಬಿಚ್ಚಿತ್ತು. ಅದರೊಳಗೆ ಎರಡು ಬೆರಳು ಹಾಕಿ ತಡಕುತ್ತಿದ್ದರು. “ಬಿಲ್ಲೆ ಕಾಣ್ತಿಲ್ಲ ತಂಬಿ. ಇಲ್ಲೇ ಇಟ್ಟಿದ್ದೆ. ಯಾರೋ ತೊಗೊಂಡ್ಬಿಟ್ಟವ್ರೆ. ಬಿಲ್ಲೆ ಇಲ್ದೆ ಎಂಗ್ ಇಳಿಯಾದು? ಅದ್ಕೇ ಕುಂತೆ. ಇದ್ದಿದ್ರೆ ಇಷ್ಟೊತ್ಗೆ ಇಳಿದಿರ್ತಿದ್ದೆ.”

ಅವರು ಕೈ ತೋರಿಸಿದ ಕಡೆ ಆರುಮುಗಂ ನೋಡಿದ. ಬೆಂಚಿನಿಂದ ನಾಲ್ಕು ಮಾರು ಆಚೆ ಶಾಫ್ಟಿನ ಬಾಯಿ. ಅದನ್ನು ಮುಚ್ಚಿದ್ದ ಕಬ್ಬಿಣದ ತಗಡು ತುಕ್ಕು ಹಿಡಿದು, ಒಂದು ಮೂಲೆ ಒಳಕ್ಕೆ ಕಳಚಿ ಬಿದ್ದಿತ್ತು. ಆ ಸಂದಿಯಲ್ಲಿ ಬೆಳಕು ಹೋಗಿ ಎಲ್ಲಿಯೂ ತಾಗುತ್ತಿರಲಿಲ್ಲ.

ಆರುಮುಗಂ ಮುದುಕರಿಗೂ ಆ ಸಂದಿಗೂ ನಡುವೆ ಬಂದು ನಿಂತ. ಮಗ ಕಟ್ಟಳೆ ಮುರಿದು ಅಪ್ಪನ ಜೇಬಿನಿಂದ ಬಿಲ್ಲೆ ತೆಗೆದುಕೊಂಡ. ಅದಕ್ಕೇ ಈ ಮನುಷ್ಯನ ಜೀವ ಉಳಿದಿದೆ. ಆರುಮುಗಂ ಕಿಟಕಿಯಲ್ಲೇ ಇದ್ದು, ಅವರವರ ಬಿಲ್ಲೆ ಅವರವರೇ ಕೊಡಿ ಎಂದು ಗದರಿಸಿದ್ದರೆ, ಜೇಬಿನಲ್ಲಿ ಬಿಲ್ಲೆ ಇಟ್ಟುಕೊಂಡ ಮುದುಕರು ನೆಟ್ಟಗೆ ಆ ಶಾಫ್ಟಿನ ಬಾಯಿಗೇ ನಡೆದು ಹೋಗುತ್ತಿದ್ದರು. ಇದನ್ನು ಯಾವ ಕಡೆಯಿಂದ ಹಿಡಿದು ಯೋಚಿಸುವುದೋ ಅವನಿಗೆ ತೋಚಲಿಲ್ಲ. ಇಲ್ಲಿ ನಿಂತು ಯೋಚಿಸುವ ಹಾಗೂ ಇರಲಿಲ್ಲ.

“ಬನ್ನಿ ಅಣ್ಣ, ಕಿಟಕೀಲಿ ಕೇಳಾಣ” ಎಂದು ಕೈ ಹಿಡಿದು ಎಬ್ಬಿಸಿದ.

ಬೇಲಿಯ ಹತ್ತಿರವೇ ಸುಮಿತಾ ನಿಂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು. ಒಳಗೆ ಬಂದವರೇ ಊಟಕ್ಕೆ ಜಾಗ ಕಾದಿರಿಸಿದ್ದ ನಂಬರಿಗೆ ಫೋನು ಮಾಡಿದರು. ಮಗನ ಹೆಸರು ಅಂಬರೀಶ್. “ಅಪ್ಪನಾ? ಅಪ್ಪ ತಂಗಿ ಕಾರಲ್ಲಿ—” ಎಂದವನು ಅಲ್ಲಿಗೇ ನಿಂತ. ಅವರ ಎರಡೂ ಕಾರು ಆಗಲೇ ಬಂಗಾರಪೇಟೆ ದಾಟಿದ್ದವು. ಇವರು ಅಪ್ಪ ಆ ಕಾರಿನಲ್ಲಿದ್ದಾರೆ ಎಂದುಕೊಂಡಿದ್ದರು, ಅವರು ಈ ಕಾರಿನಲ್ಲಿದ್ದಾರೆ ಎಂದು.

ಕಾರು ಬರುವ ತನಕ ಮುದುಕರಿಗೆ ಟೀ ಕೊಟ್ಟರು. ಹೆಸರು ಪೆರುಮಾಳ್, ಈ ಶಾಫ್ಟಿನಲ್ಲೇ ಅರ್ಧ ಆಯಸ್ಸು ಕಳೆದವರು. ಆರುಮುಗಂನ ಮುಖ ಅವರಿಗೆ ಗುರುತಿರಲಿಲ್ಲ, ಅವನಿಗೂ ಅವರದು ನೆನಪಿರಲಿಲ್ಲ. ದಿನಾ ಈ ಕಿಟಕಿಯಲ್ಲಿ ಇವರ ಕೈಗೆ ಬಿಲ್ಲೆ ಕೊಟ್ಟಿರಲೇಬೇಕು. ಬರೀ ಕೈಗಳನ್ನು ನೋಡಿದ್ದೆನೋ ಏನೋ ಎಂದುಕೊಂಡ.

“ನಿಮ್ಮ ಮಾತೇ ಸರಿ ಆರುಮುಗಣ್ಣ. ನಾನೇ ಹಾಗೆ ಒಟ್ಟಿಗೆ ತಗೊಳ್ಳಬಾರದಿತ್ತು” ಎಂದರು ಸುಮಿತಾ. ಅವರ ಕಣ್ಣು ಇನ್ನೂ ಒದ್ದೆ. “ಈ ಹೋಟೆಲು ಇರುವ ತನಕ ಕಿಟಕಿ ನಿಮ್ಮದು. ಅವರವರ ಬಿಲ್ಲೆ ಅವರವರ ಕೈಯಿಂದಲೇ. ಬೇಲಿ ನಾಳೆಯೇ ಸರಿಮಾಡಿಸ್ತೇನೆ, ಆ ತಗಡನ್ನೂ.”

ಆರುಮುಗಂಗೆ ಖುಷಿಯಾಗಬೇಕಿತ್ತು. “ಇಲ್ಲ ಮೇಡಂ” ಎಂದ. “ಕೈಲಿ ಬಿಲ್ಲೆ ಇದ್ದಿದ್ರೆ ಅವ್ರು ಓಗ್ಬಿಡ್ತಿದ್ರು.”

“ಎಂತ ಹೇಳ್ತಿದ್ದೀರಿ?”

“ನಂಗೂ ತಿಳೀತಿಲ್ಲ.” ನಿಜಕ್ಕೂ ತಿಳಿದಿರಲಿಲ್ಲ. ಮೂಲೆಮನೆಯವನನ್ನು ಕೊಂದದ್ದು ಇನ್ನೊಬ್ಬರ ಕೈ. ಪೆರುಮಾಳ್‌ರನ್ನು ಉಳಿಸಿದ್ದೂ ಇನ್ನೊಬ್ಬರ ಕೈಯೇ. ಕಟ್ಟಳೆ ಒಂದೇ. ಹಾಗಾದರೆ ಇಷ್ಟು ವರ್ಷ ಅದನ್ನು ಎದೆಗವಚಿಕೊಂಡು ತಾನು ಯಾರನ್ನು ಕಾಯುತ್ತಿದ್ದೆ?

ಅಂಬರೀಶ್ ಬಂದ. ಕಾರು ನಿಲ್ಲುವ ಮುಂಚೆಯೇ ಇಳಿದು ಓಡಿ ಬಂದು ಅಪ್ಪನ ತೋಳು ಹಿಡಿದ. ಪೆರುಮಾಳ್ ಮಾತ್ರ ಆರಾಮಾಗಿ ಎದ್ದು, ಕಿಟಕಿಯ ಮುಂದೆ ಹೋಗಿ ನಿಂತು ಕೈಚಾಚಿದರು.

“ಕೊಡು ತಂಬಿ ಬಿಲ್ಲೆ. ಲೇಟಾಯ್ತು.”

ಆರುಮುಗಂನ ಕೈ ಬೋರ್ಡಿನ ಕಡೆ ತಾನಾಗಿ ಎದ್ದಿತು. ಚಾಚಿದ ಕೈಯನ್ನು ಅವನು ಯಾವತ್ತೂ ಬರಿಗೈಯಲ್ಲಿ ಕಳಿಸಿದವನಲ್ಲ. ಬಿಲ್ಲೆಯನ್ನು ಮುಟ್ಟಿದ, ಮುಟ್ಟಿ ಬಿಟ್ಟ. “ಇಲ್ಲ ಅಣ್ಣ” ಎಂದ. “ಬಿಲ್ಲೆ ಇಲ್ಲ. ಮೈನ್ಸ್ ಮುಚ್ಚೋಗೈತೆ.”

ಈ ಮಾತನ್ನು ಅವನು ಇಷ್ಟು ವರ್ಷದಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಸಂದರ್ಭವೇ ಬಂದಿರಲಿಲ್ಲ, ಎಲ್ಲರಿಗೂ ಗೊತ್ತಿದ್ದ ವಿಷಯ. ಈಗ ಹೇಳಿದ ಮೇಲೆ ಅವನ ಕಣ್ಣಿನಿಂದ ನೀರು ಸುರಿಯತೊಡಗಿತು, ನಿಲ್ಲಿಸಲು ಆಗಲಿಲ್ಲ.

ಪೆರುಮಾಳ್ ಅವನನ್ನೇ ದಿಟ್ಟಿಸಿ ನೋಡಿದರು. ಅವರ ಮುಖ ಮೆತ್ತಗಾಯಿತು. ಮಗನ ಕಡೆ ತಿರುಗಿ ದನಿ ತಗ್ಗಿಸಿದರು. “ಪಾವಂ ಕಣೋ. ಒಳ್ಳೆ ಮನ್ಸ. ತಲೆಗೇನೋ ಆಗೋಗೈತೆ, ಮೈನ್ಸ್ ಮುಚ್ಚೈತೆ ಅಂತಾನೆ. ಒಬ್ಬನ್ನೇ ಬಿಡ್ಬಾರ್ದು. ನಡಿ, ಮನೆಗ್ ಬಿಟ್ಬರಾಣ.”

ಅಂಬರೀಶ್ ನಾಚಿಕೆಯಿಂದ ಆರುಮುಗಂನ ಮುಖ ನೋಡಿದ. ಆರುಮುಗಂ ಬೀಗವನ್ನು ಸುಮಿತಾ ಅವರ ಕೈಗೆ ಕೊಟ್ಟು ಕಾರು ಹತ್ತಿದ.

ಹಿಂದಿನ ಸೀಟಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ದಾರಿಯುದ್ದಕ್ಕೂ ಪೆರುಮಾಳ್ ಅವನ ಕೈ ಹಿಡಿದುಕೊಂಡೇ ಇದ್ದರು. ಎದರ್ಬೇಡ, ಸರಿಹೋಯ್ತದೆ, ಎಲ್ಲಾರ್ಗೂ ಒಂದೊಂದ್ ಕಿತ ಇಂಗಾಗ್ತದೆ ಎಂದು ಸಮಾಧಾನ ಹೇಳಿದರು. ಆರುಮುಗಂ ಹೂಂ ಎಂದ. ಲೈನು ಮನೆಗಳ ಹತ್ತಿರ ಕಾರು ನಿಂತಾಗ ಪುಷ್ಪ ಬಾಗಿಲಿಗೆ ಬಂದಳು. ಪೆರುಮಾಳ್ ತಾವೇ ಮೊದಲು ಇಳಿದು, ಆರುಮುಗಂನನ್ನು ಇಳಿಸಿ, ಅವನ ಕೈಯನ್ನು ತೆಗೆದು ಅವಳ ಕೈಯಲ್ಲಿಟ್ಟರು.

“ಉಷಾರಾಗಿ ಮೇಲಕ್ ಕರ್ಕೊಂಡ್ ಬಂದಿದ್ದೀನಿ ಕಣಮ್ಮ” ಎಂದರು. “ಇನ್ ನೀನ್ ನೋಡ್ಕೋ.”

ಪುಷ್ಪಳಿಗೆ ಒಂದೂ ಅರ್ಥವಾಗಲಿಲ್ಲ. ಗಂಡನ ಒದ್ದೆ ಮುಖ ನೋಡಿದಳು, ಮುದುಕರನ್ನು ನೋಡಿದಳು. “ಆಯ್ತಣ್ಣ” ಎಂದು ಹೇಳಿ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.